ಐದು ಸಾವಿರವೋ, ಏಳು ನೂರೋ

ಗುಂಪು: ಹಳೆಮನೆ ಬಳಗ

ದೊಡ್ಡಪ್ಪ (ಫಾರ್ವರ್ಡ್): ಪ್ರತಿಯೊಬ್ಬ ಭಾರತೀಯನೂ ಓದಲೇಬೇಕು! 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಂಗೈಲಿನ ಆಕಾಶದಿಂದ ನಮ್ಮ 5000 ಪ್ಯಾರಾ ಕಮಾಂಡೋಗಳು ಇಳಿದರು. ಮರೂನ್ ಟೋಪಿ ಕಂಡರೆ ಸಾಕು, ಶತ್ರು ಓಡುತ್ತಾನೆ. ಮೇಲಿರುವುದು ಅದೇ ದಿನದ ಚಿತ್ರ. ಹತ್ತು ಜನರಿಗೆ ಕಳುಹಿಸಿ.

ಅತ್ತೆ: ಜೈ ಹಿಂದ್. ಓದಿ ಕಣ್ಣು ತುಂಬಿ ಬಂತು.

ಮಾವ: ಭಾವನವರೇ, ಬೇಸರ ಮಾಡಿಕೊಳ್ಳಬೇಡಿ. ನಾಲ್ಕು ಸಾಲಿನಲ್ಲಿ ಮೂರು ತಪ್ಪುಗಳಿವೆ. ಇಳಿದವರು ಸುಮಾರು 700 ಮಂದಿ. ಅವರು ಕಮಾಂಡೋಗಳಲ್ಲ, ಪ್ಯಾರಾಚೂಟ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್‌ನವರು. ಚಿತ್ರ ಆಗ್ರಾದ್ದು, ಅದಕ್ಕೂ ಹಿಂದಿನ ಒಂದು ಅಭ್ಯಾಸದ್ದು.

ದೊಡ್ಡಪ್ಪ: ಇಪ್ಪತ್ತೆರಡು ವರ್ಷ ಸೇನೆಯ ಅನ್ನ ಉಂಡ ನೀವೇ ಹೀಗೆ ಲೆಕ್ಕ ಇಳಿಸಿದರೆ ಹೇಗೆ?

ಮಾವ: ಇಳಿಸಿದರೆ ಕಥೆ ಚಿಕ್ಕದಾಗುತ್ತದೆ ಎಂದು ಯಾರು ಹೇಳಿದರು? ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಪನ್ನು ಅವರ ಆ ಒಂದೇ ಬೆಟಾಲಿಯನ್ ಶತ್ರುವಿನ ಬೆನ್ನ ಹಿಂದೆ ಇಳಿದು ಪೂಂಗ್ಲಿ ಸೇತುವೆಯನ್ನು ಹಿಡಿಯಿತು. ಮೈಮನ್‌ಸಿಂಗ್‌ನಿಂದ ಢಾಕಾದ ಕಡೆಗೆ ಸರಿಯುತ್ತಿದ್ದ ಪಾಕಿಸ್ತಾನದ 93ನೇ ಬ್ರಿಗೇಡಿಗೆ ಅದೇ ದಾರಿ. ಓಡಿಬರುತ್ತಿರುವ, ಹಲವು ಬೆಟಾಲಿಯನ್‌ಗಳ ಬ್ರಿಗೇಡಿನ ಎದುರು ಒಂದು ಬೆಟಾಲಿಯನ್ ಕುಳಿತಿತ್ತು. ಅದೂ ಬೆನ್ನ ಮೇಲೆ ಹೊತ್ತು ತಂದಷ್ಟೇ ಮದ್ದುಗುಂಡು, ವಿಮಾನದಿಂದ ಇಳಿಸಿದ ಕೆಲವು ಫಿರಂಗಿಗಳನ್ನು ನಂಬಿಕೊಂಡು. ಐದು ಸಾವಿರ ಜನ ಇದ್ದಿದ್ದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿರುತ್ತಿತ್ತು?

ಬೆಳಗಾವಿ ಅಕ್ಕ: ಎರಡನೆಯ ಪ್ಯಾರಾ ಎಂದರೆ ಮೊದಲು ಮರಾಠಾ ಲಘು ಪದಾತಿದಳದ ಬೆಟಾಲಿಯನ್ ಅಲ್ಲವೇ? ನಮ್ಮ ಬೆಳಗಾವಿ ಕೇಂದ್ರದವರು!

ಮಾವ: ಹೌದು, ಹಳೆಯ ಮೂರನೆಯ ಮರಾಠಾ. ನೆಲದ ದಾರಿಯಲ್ಲಿ ಬಂದು ಅವರನ್ನು ಕೂಡಿಕೊಂಡ ಪಡೆಯೂ ಮರಾಠಾ ಪಡೆಯೇ. ಡಿಸೆಂಬರ್ 16ರ ಬೆಳಿಗ್ಗೆ ಢಾಕಾದ ಮೀರ್‌ಪುರ ಸೇತುವೆಯ ಬಳಿ ಇದ್ದವರೂ ಇದೇ ಎರಡನೆಯ ಪ್ಯಾರಾದವರು.

ತಮ್ಮ: ಹಾಗಾದರೆ 5000 ಎಲ್ಲಿಂದ ಹುಟ್ಟಿತು?

ಮಾವ: ಅದೇ ಸ್ವಾರಸ್ಯ. ಕ್ಯಾರಿಬೂ ವಿಮಾನಗಳಿಂದ ಬೇರೆ ಕಡೆ ಬೊಂಬೆಗಳನ್ನೂ ಇಳಿಸಿ ಎದುರಾಳಿಯ ಕಣ್ಣು ತಪ್ಪಿಸಿದ್ದರು. ಆಮೇಲೆ ಇಡೀ ಬ್ರಿಗೇಡೇ ಇಳಿದಿದೆ ಎಂಬ ಭಾವನೆ ಬರುವಂತೆ ಹಳೆಯ ಅಭ್ಯಾಸದ ಚಿತ್ರವನ್ನು ಪತ್ರಿಕೆಗಳಿಗೆ ಕೊಟ್ಟರು. ವಿದೇಶಿ ಪತ್ರಿಕೆಗಳು ಐದು ಸಾವಿರ ಎಂದು ಬರೆದವು.

ದೊಡ್ಡಪ್ಪ: ಸಿಕ್ಕಿಬಿದ್ದಿರಿ! ಸರ್ಕಾರವೇ ಕೊಟ್ಟ ಚಿತ್ರವನ್ನು ನಾನು ಕಳುಹಿಸಿದ್ದೇನೆ. ಆಗ ಅದು ಯುದ್ಧತಂತ್ರ, ಈಗ ನಾನು ಕಳುಹಿಸಿದರೆ ಸುಳ್ಳು ಸುದ್ದಿಯೇ?

ಮಾವ: ಅದು ಢಾಕಾದಲ್ಲಿ ಕುಳಿತಿದ್ದ, ಕೊನೆಗೆ ಶರಣಾದ ಪಾಕಿಸ್ತಾನಿ ದಂಡನಾಯಕ ಜನರಲ್ ನಿಯಾಜಿಯ ಕಿವಿಗೆ ಬೀಳಲಿ ಎಂದು ಬಿಟ್ಟ ಮಾತು. ಬಿತ್ತು, ಕೆಲಸ ಮುಗಿಯಿತು. ನೀವು ಅದನ್ನು ನಮ್ಮ ಅತ್ತಿಗೆಗೆ ಕಳುಹಿಸುತ್ತಿದ್ದೀರಿ. ಅವರು ಶರಣಾಗಿ ಯಾರಿಗೇನು ಲಾಭ?

ಅತ್ತೆ: ನನ್ನನ್ನು ಏಕೆ ಎಳೆಯುತ್ತೀರಿ? ನಾನು ಕೈಮುಗಿದೆ ಅಷ್ಟೇ.

ತಮ್ಮ: ಮಾವ, ಮರೂನ್ ಟೋಪಿಯವರೆಲ್ಲ ಕಮಾಂಡೋಗಳು ಎಂದೇ ನಾನೂ ತಿಳಿದಿದ್ದೆ. ಧೋನಿಯೂ?

ಮಾವ: ಧೋನಿಗೆ 2011ರಲ್ಲಿ ಸಿಕ್ಕಿದ್ದು ಪ್ರಾದೇಶಿಕ ಸೇನೆಯ ಗೌರವ ಹುದ್ದೆ. 2015ರಲ್ಲಿ ಆಗ್ರಾಕ್ಕೆ ಹೋಗಿ ಐದು ಜಿಗಿತ ಮುಗಿಸಿ ರೆಕ್ಕೆಯ ಬಿಲ್ಲೆ ಪಡೆದರು. ಆ ಮಟ್ಟಿಗೆ ಅದು ಬರಿಯ ಅಲಂಕಾರವಲ್ಲ. ಟೋಪಿ ರೆಜಿಮೆಂಟಿನ ಎಲ್ಲರಿಗೂ ಒಂದೇ. ಕಮಾಂಡೋಗಳಿರುವ ವಿಶೇಷ ಪಡೆಯ ಬೆಟಾಲಿಯನ್‌ಗಳಿಗೆ ಮಾತ್ರ ಎದೆಯ ಮೇಲೆ ‘ಬಲಿದಾನ’ ಎಂದು ಬರೆದ ಬಿಲ್ಲೆ. ಆ ಕವಲು 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಕಟ್ಟಿದ ಸಣ್ಣ ತಂಡದಿಂದ ಹೊರಟು, ಮರುವರ್ಷ ಒಂಬತ್ತನೆಯ ಪ್ಯಾರಾ ಕಮಾಂಡೋ ಆಯಿತು.

ತಮ್ಮ: ಆದರೂ ಅಜೇಯರು ಎನ್ನುವಂತಿಲ್ಲ. 1987ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಬಳಿ ಹತ್ತನೆಯ ಪ್ಯಾರಾ ಕಮಾಂಡೋಗಳು ಇಳಿದಾಗ ಎಲ್‌ಟಿಟಿಇಯವರು ಕಾದು ಕುಳಿತಿದ್ದರು. ಅವರ ಜೊತೆ ಇಳಿದ ಸಿಖ್ ಲಘು ಪದಾತಿದಳದ ತುಕಡಿ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಯಿತು.

ಮಾವ: ಹೌದು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ದೊಡ್ಡಪ್ಪ: ಸರಿಯಪ್ಪ, ಎಲ್ಲರೂ ಸೇರಿ ಅವರನ್ನು ಸಾಧಾರಣ ಸಿಪಾಯಿ ಮಾಡಿಬಿಡಿ.

ಮಾವ: ಸಾಧಾರಣ ಸಿಪಾಯಿಯ ಕೆಲಸವೇ ಅವರ ದೊಡ್ಡ ಕೆಲಸ, ಭಾವ. 50ನೇ ಪ್ಯಾರಾಚೂಟ್ ಬ್ರಿಗೇಡನ್ನು 1941ರಲ್ಲಿ ದೆಹಲಿಯಲ್ಲಿ ಕಟ್ಟಿದರು. ಅದರ ಮೊದಲ ದೊಡ್ಡ ಕಾಳಗ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್ ಗುಡ್ಡದ ಮೇಲೆ. ಯಾರೂ ವಿಮಾನದಿಂದ ಹಾರಲಿಲ್ಲ. ನೀರಿಲ್ಲದ ಗುಡ್ಡದಲ್ಲಿ ಸುಮಾರು ಆರು ದಿನ ಜಪಾನಿ ಪಡೆಯನ್ನು ತಡೆದು ನಿಂತರು. ಪ್ಯಾರಾಚೂಟಿನಲ್ಲಿ ಬಂದದ್ದು ಅವರ ಊಟ, ಮದ್ದುಗುಂಡು ಮಾತ್ರ. ಅದರಲ್ಲೂ ಬಹುಪಾಲು ಗಾಳಿಗೆ ತೇಲಿ ಜಪಾನಿಯರ ಕಡೆಗೆ ಬಿತ್ತು. 1948ರಲ್ಲಿ ಇದೇ ಬ್ರಿಗೇಡಿನ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್, ಜಮ್ಮು-ಕಾಶ್ಮೀರದ ಝಾಂಗರ್ ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು ಶಪಥ ಮಾಡಿ, ಗೆದ್ದು, ಜುಲೈ 3ರಂದು ಅಲ್ಲಿಯೇ ಶೆಲ್ ದಾಳಿಗೆ ಬಲಿಯಾದರು. ಅಲ್ಲಿಯೂ ಕಾಲ್ನಡಿಗೆಯೇ. 1965ರಲ್ಲಿ ಮೇಜರ್ ರಂಜಿತ್ ಸಿಂಗ್ ದಯಾಲ್ ಒಂದನೆಯ ಪ್ಯಾರಾದವರನ್ನು ಕರೆದುಕೊಂಡು ಮಳೆಯಲ್ಲಿ ರಾತ್ರಿಯಿಡೀ ಬೆಟ್ಟ ಹತ್ತಿ ಹಾಜಿ ಪೀರ್ ಕಣಿವೆದಾರಿಯನ್ನು ಹಿಡಿದರು. 1988ರಲ್ಲಿ ಮಾಲ್ಡೀವ್ಸ್‌ಗೆ ಹೋದವರೂ ಹುಲುಲೆ ವಿಮಾನ ನಿಲ್ದಾಣದಲ್ಲಿ ವಿಮಾನ ನಿಂತ ಮೇಲೆ ಇಳಿದವರು.

ತಮ್ಮ: ನನ್ನ ವಾದವನ್ನು ನೀವೇ ಗೆಲ್ಲಿಸಿದಿರಿ. ಹಾರುವ ಸಂದರ್ಭವೇ ಇಷ್ಟು ಅಪರೂಪವಾದರೆ ಇಷ್ಟೆಲ್ಲ ಪ್ಯಾರಾಚೂಟ್ ಏಕೆ? ಕ್ಷಿಪಣಿಗಳ ಕಾಲದಲ್ಲಿ ನಿಧಾನವಾಗಿ ತೇಲಿ ಬರುವ ಮನುಷ್ಯ ಗುರಿಯಾಗುತ್ತಾನೆ ಅಷ್ಟೇ.

ಮಾವ: ಅರ್ಧ ಒಪ್ಪುತ್ತೇನೆ. ದೊಡ್ಡ ಪ್ರಮಾಣದಲ್ಲಿ ಇಳಿಸುವ ಕಾಲ ಮುಗಿಯುತ್ತಾ ಬಂದಿರಬಹುದು. ಆದರೆ ವಿಮಾನದ ಆ ಬಾಗಿಲು ಬರಿಯ ಬಾಗಿಲಲ್ಲ, ಜರಡಿ. ಇಲ್ಲಿಗೆ ಬರುವವರೆಲ್ಲ ತಾವಾಗಿ ಹೆಸರು ಕೊಟ್ಟವರು. ಕರ್ನಲ್‌ಗೂ ಸಿಪಾಯಿಗೂ ಅದೇ ಬಾಗಿಲು, ವೈದ್ಯನಿಗೂ ಅದೇ. ಮೊದಲು ಹಾರಿದ ಭಾರತೀಯರಲ್ಲಿ ಒಬ್ಬರಾದ ಎ.ಜಿ. ರಂಗರಾಜ್ ವೈದ್ಯರೇ. ಆಮೇಲೆ ಕೊರಿಯಾ ಯುದ್ಧದಲ್ಲಿ, 1951ರ ಮಾರ್ಚ್ 23ರಂದು, ಅಮೆರಿಕದ ಪಡೆಯೊಂದಿಗೆ ಶಸ್ತ್ರಚಿಕಿತ್ಸೆಯ ತಂಡ ಕಟ್ಟಿಕೊಂಡು ಮುನ್ಸಾನ್ ಬಳಿ ಹಾರಿದವರು. ಮಹಾವೀರ ಚಕ್ರ ಬಂತು. ಗುಂಡು ಹೊಡೆಯುವುದಕ್ಕಲ್ಲ, ಗುಂಡೇಟು ಬಿದ್ದವರನ್ನು ಉಳಿಸುವುದಕ್ಕಾಗಿ ಹಾರಿದ ಮನುಷ್ಯ.

ಬೆಳಗಾವಿ ಅಕ್ಕ: ಇದನ್ನು ಕಳುಹಿಸಿ ದೊಡ್ಡಪ್ಪ, ಆ ಐದು ಸಾವಿರದ ಬದಲು.

ದೊಡ್ಡಪ್ಪ: ನಿಮ್ಮ ಮಾವನಿಗೆ ಪ್ಯಾರಾದವರ ಮೇಲೆ ಇಷ್ಟು ಪ್ರೀತಿ ಇದ್ದರೆ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲೇ ಏಕೆ ಉಳಿದರಂತೆ?

ಮಾವ: ಉಳಿಯಲಿಲ್ಲ, ಉಳಿಸಿದರು. ನಾನೂ ಒಮ್ಮೆ ಹೆಸರು ಕೊಟ್ಟಿದ್ದೆ. ಪರೀಕ್ಷಾವಧಿಯ ಹದಿನಾರನೆಯ ದಿನ, ಬೆನ್ನ ಮೇಲೆ ಹೊರೆ ಇಟ್ಟುಕೊಂಡು ಓಡುವಾಗ ಮೊಣಕಾಲು ಕೈಕೊಟ್ಟಿತು. ಯಾರೂ ಬೈಯಲಿಲ್ಲ. ಒಬ್ಬ ಹವಾಲ್ದಾರ್ ನನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ಗೇಟಿನವರೆಗೆ ಬಂದ. ಬೈದಿದ್ದರೆ ವಾಸಿ ಇತ್ತು.

ಅತ್ತೆ: ಈ ವಿಷಯ ನಮಗೆ ಗೊತ್ತೇ ಇರಲಿಲ್ಲವಲ್ಲ.

ಮಾವ: ಕೇಳಿರಲಿಲ್ಲ, ಹೇಳಿರಲಿಲ್ಲ.

(ಸುಮಾರು ಒಂದು ಗಂಟೆಯ ನಂತರ)

ದೊಡ್ಡಪ್ಪ: ತಿದ್ದಿದ್ದೇನೆ, ನೋಡಿ. ‘ಟಂಗೈಲಿನಲ್ಲಿ ಇಳಿದ ನಮ್ಮ 700 ಪ್ಯಾರಾ ಯೋಧರನ್ನು ಜಗತ್ತು 5000 ಎಂದು ಎಣಿಸಿತು.’ ಈಗ ಸರಿಯೇ?

ಮಾವ: ಬಹಳ ಸರಿ. ಚಿತ್ರ?

ದೊಡ್ಡಪ್ಪ: ಚಿತ್ರ ಚೆನ್ನಾಗಿದೆ. ಅದು ಇರಲಿ ಬಿಡಿ.