ಕಿವಿಯಿಂದ ನುಡಿಸುವವರು ಸ್ಟಾಫ್ ನೊಟೇಶನ್ ಓದಲು ಕಲಿಯಬೇಕೇ?

ಪ್ರಶ್ನೆ (ಗೋಣಿಕೊಪ್ಪಲಿನ ಕೀಬೋರ್ಡ್ ವಾದಕ): ನಮಸ್ಕಾರ ಸರ್. ಆರು ವರ್ಷಗಳಿಂದ ಮದುವೆಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದೇನೆ. ಹಾಡನ್ನು ನಾಲ್ಕು ಬಾರಿ ಕೇಳಿದರೆ ಕೈಗೆ ಬರುತ್ತದೆ. ಚಿಕ್ಕಂದಿನಲ್ಲಿ ಕಲಿತ ಸರಿಗಮವೂ ನೆನಪಿದೆ. ಕಳೆದ ಡಿಸೆಂಬರ್‌ನಲ್ಲಿ ಗಾಯನವೃಂದವೊಂದು ಕ್ರಿಸ್‌ಮಸ್ ಹಾಡುಗಳಿಗೆ ಕರೆಯಿತು. ಅಲ್ಲಿ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ) ಇದ್ದ ಹಾಳೆ ಕೊಟ್ಟಾಗ ಓದಲಾಗದೆ ಸುಮ್ಮನೆ ಕುಳಿತುಬಿಟ್ಟೆ. ಈಗ ಕಲಿಯಬೇಕೇ? ಕಲಿತರೆ ಕಿವಿ ಮಂದವಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ (ಮಡಿಕೇರಿಯ ಸಂಗೀತ ಶಿಕ್ಷಕ): ಖಂಡಿತ ಕಲಿಯಿರಿ, ಆದರೆ ಇದುವರೆಗೆ ಕಲಿತದ್ದು ಕಡಿಮೆ ದರ್ಜೆಯದೆಂಬ ಭಾವನೆಯಿಂದ ಕಲಿಯಬೇಡಿ. ಜಾಝ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಸ್ವರಲಿಪಿ ಓದದೆಯೇ ಗಿಟಾರ್ ವಾದನದ ದಿಕ್ಕನ್ನು ಬದಲಿಸಿದರು. ಇನ್ನೊಂದು ಕಡೆ ಇಳಯರಾಜಾ ಅವರು ಪ್ರತಿ ವಾದ್ಯಕ್ಕೂ ಸ್ಟಾಫ್ ನೊಟೇಶನ್‌ನಲ್ಲಿ ಬರೆದುಕೊಡುವುದರಿಂದಲೇ, ಹತ್ತಾರು ವಾದಕರು ಮೊದಲೇ ಕೇಳದ ಸಂಗೀತವನ್ನು ಸ್ಟುಡಿಯೋದಲ್ಲಿ ಒಟ್ಟಿಗೆ ನುಡಿಸಲು ಸಾಧ್ಯವಾಗುತ್ತದೆ. ಕೇಳದಿರುವ ಹಾಡನ್ನು, ಪರಿಚಯವಿಲ್ಲದವರೊಂದಿಗೆ, ಕಡಿಮೆ ಸಮಯದಲ್ಲಿ ನುಡಿಸಬೇಕಾದಾಗ ಹಾಳೆ ಬೇಕಾಗುತ್ತದೆ. ನಿಮಗೆ ಡಿಸೆಂಬರ್‌ನಲ್ಲಿ ಎದುರಾದದ್ದು ಅದೇ ಸಂದರ್ಭ.

ಸರಿಗಮ ಬಲ್ಲವರು ಎಡವುವುದು ಒಂದೇ ಕಡೆ. ನಮ್ಮ ಷಡ್ಜಕ್ಕೆ ನಿಶ್ಚಿತ ಎತ್ತರವಿಲ್ಲ. ಹಾಡುವವರ ಶ್ರುತಿ ಎಲ್ಲಿದೆಯೋ ಅಲ್ಲಿಯೇ ಸ. ಸ್ಟಾಫಿನಲ್ಲಾದರೋ ಐದು ಗೆರೆ, ನಾಲ್ಕು ಎಡೆಗಳಲ್ಲಿ ಪ್ರತಿಯೊಂದೂ ಕೀಬೋರ್ಡಿನ ಒಂದು ನಿರ್ದಿಷ್ಟ ಮನೆಯನ್ನು ತೋರಿಸುತ್ತದೆ. ಆದ್ದರಿಂದ ಸಿ ಎಂದರೆ ಸದಾ ಸ ಎಂದು ಬಾಯಿಪಾಠ ಮಾಡಬೇಡಿ. ಎರಡು ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಚಿಹ್ನೆ) ಇರುವ ಡಿ ಮೇಜರ್ ಹಾಡು ಬಂದ ದಿನವೇ ಆ ಲೆಕ್ಕ ತಪ್ಪುತ್ತದೆ, ಅಲ್ಲಿ ಸ ಇರುವುದು ಡಿಯಲ್ಲಿ. ಊದುವ ವಾದ್ಯದವರ ಜೊತೆ ಇನ್ನೂ ಎಚ್ಚರ ಬೇಕು, ಕೆಲವು ವಾದ್ಯಗಳಲ್ಲಿ ಬರೆದ ಸ್ವರವೇ ಬೇರೆ, ಕೇಳಿಸುವ ಸ್ವರವೇ ಬೇರೆ: ನಿಮ್ಮ ಸಿ ಕೇಳಿಸಬೇಕಾದರೆ ಬಿ ಫ್ಲ್ಯಾಟ್ ಕ್ಲಾರಿನೆಟ್‌ನವರ ಹಾಳೆಯಲ್ಲಿ ಡಿ ಬರೆದಿರಬೇಕಾಗುತ್ತದೆ.

ಅಭ್ಯಾಸಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿಂದ ತೊಡಗಿ. ಯುರೋಪಿಯನ್ ಧಾಟಿಗಳನ್ನು ಕಿವಿಯಿಂದಲೇ ಗ್ರಹಿಸಿ, ಅವಕ್ಕೆ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಗಮಕವಿಲ್ಲದ (ಸ್ವರವನ್ನು ಅಲುಗಿಸದ, ಜಾರಿಸದ), ಶಂಕರಾಭರಣ ರಾಗದ ಸ್ವರಗಳಲ್ಲಿ ನೇರವಾಗಿ ನಡೆಯುವ ಈ ರಚನೆಗಳನ್ನು ಮೊದಲು ಸರಿಗಮದಲ್ಲಿ ಹಾಡಿ, ಆಮೇಲೆ ನೀವೇ ಸ್ಟಾಫಿನ ಮೇಲೆ ಬರೆಯಿರಿ. ಬರೆದವರಿಗೆ ಓದು ಬೇಗ ಒಲಿಯುತ್ತದೆ ಎಂಬುದು ನನ್ನ ವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ಕಂಡ ಮಾತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಕೇಳಿ ನುಡಿಸುವ ಅಭ್ಯಾಸವನ್ನು ಬಿಟ್ಟವರ ಕಿವಿ ಮಾತ್ರ ಮಂದವಾಗುತ್ತದೆ.

ಪ್ರಶ್ನೆ (ನಾಪೋಕ್ಲಿನ ಮಹಿಳೆ): ಸರ್, ನಮ್ಮ ಅಜ್ಜ ದುಡಿ ಕೊಟ್ಟ್ ಪಾಟ್, ಅಂದರೆ ದುಡಿ ಎಂಬ ಚಿಕ್ಕ ಚರ್ಮವಾದ್ಯ ಬಡಿಯುತ್ತಾ ಹಾಡುವ ಕೊಡವ ಹಾಡು, ಹಾಡುವವರು. ಅವರ ಹಾಡುಗಳನ್ನು ಸ್ಟಾಫ್ ನೊಟೇಶನ್‌ನಲ್ಲಿ ಬರೆದಿಡಬಹುದೇ?

ಉತ್ತರ: ಬರೆಯಿರಿ ಅಮ್ಮ, ತಡಮಾಡಬೇಡಿ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಸಂಗ್ರಹವನ್ನು ಪ್ರಕಟಿಸಿ ಕೊಡವ ಹಾಡುಗಳ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಟ್ಟರು. ಆ ಉಪಕಾರ ಸಣ್ಣದಲ್ಲ. ಆದರೆ ಸಾಲನ್ನು ಎಲ್ಲಿ ಎಳೆಯಬೇಕು, ನಾಲ್ವರಲ್ಲಿ ಇಬ್ಬರು ಹಾಡಿದ್ದನ್ನು ಉಳಿದಿಬ್ಬರು ಯಾವ ಕ್ಷಣದಲ್ಲಿ ಎತ್ತಿಕೊಳ್ಳಬೇಕು, ದುಡಿಯ ಪೆಟ್ಟು ಮಾತಿಗೆ ಎಷ್ಟು ಹಿಂದೆ ಬೀಳಬೇಕು ಎಂಬುದೆಲ್ಲ ಹಾಡುವವರ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಬರುತ್ತದೆ. ಸ್ಟಾಫ್ ನೊಟೇಶನ್ ಕೂಡ ಸ್ವರದ ಎತ್ತರವನ್ನೂ ಕಾಲದ ಅಳತೆಯನ್ನೂ ಹಿಡಿಯುತ್ತದೆ. ಎರಡು ಸ್ವರಗಳ ನಡುವಿನ ಜಾರು, ದನಿಯ ಒರಟು ಅದರ ಬಲೆಗೆ ಸುಲಭವಾಗಿ ಸಿಗುವುದಿಲ್ಲ. ಕರ್ನಾಟಕ ಸಂಗೀತದ ಗಮಕಗಳಿಗೂ ಇದೇ ತೊಡಕಿತ್ತು. ಅದಕ್ಕಾಗಿಯೇ ಸುಬ್ಬರಾಮ ದೀಕ್ಷಿತರು 1904ರ ತಮ್ಮ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಸ್ವರಾಕ್ಷರಗಳ ಜೊತೆಗೆ ಗಮಕಗಳಿಗೂ ಪ್ರತ್ಯೇಕ ಚಿಹ್ನೆಗಳನ್ನು ಬಳಸಿದರು.

ಆದ್ದರಿಂದ ಮೊದಲು ಅಜ್ಜನವರ ಹಾಡನ್ನು ಪೂರ್ತಿಯಾಗಿ, ನಡುವೆ ನಿಲ್ಲಿಸದೆ, ಧ್ವನಿಮುದ್ರಿಸಿಕೊಳ್ಳಿ. ಅವರು ಎತ್ತಿಕೊಂಡ ಶ್ರುತಿಯಲ್ಲೇ ಬರೆಯಿರಿ. ಅನುಕೂಲಕ್ಕೆಂದು ಸಿ ಮೇಜರ್‌ಗೆ ತಂದು ನೇರಗೊಳಿಸಬೇಡಿ. ದುಡಿಗೆ ಕೆಳಗೆ ಬೇರೆಯೇ ಒಂದು ಗೆರೆ ಕೊಡಿ. ಬರೆದ ಮೇಲೆ ಅದನ್ನು ನೋಡಿಕೊಂಡು ಅಜ್ಜನ ಮುಂದೆಯೇ ಹಾಡಿ ತೋರಿಸಿ. ಅವರು ತಿದ್ದಿದ ಕಡೆಗಳಲ್ಲೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಆ ಮೊದಲ ಪ್ರತಿಯನ್ನೂ ಎಸೆಯದೆ ಇಟ್ಟುಕೊಳ್ಳಿ.