‘ಪೋಕಾ-ಯೋಕೆ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಾಫ್ಟ್‌ವೇರ್ ಟೆಸ್ಟಿಂಗ್ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪೋಕಾ-ಯೋಕೆ’ ಎಂಬ ಜಪಾನಿ ಪದದ ಹತ್ತಿರ ಬಂದು ನಾಲ್ಕು ದಿನದಿಂದ ಮುಂದೆ ಹೋಗಲು ಆಗುತ್ತಿಲ್ಲ.

ತಪ್ಪು ನಡೆಯಲು ಜಾಗವೇ ಇಲ್ಲದ ಹಾಗೆ ಕೆಲಸವನ್ನು ಅಣಿಮಾಡುವುದಕ್ಕೆ ಜಪಾನಿನ ಕಾರ್ಖಾನೆಗಳಲ್ಲಿ ಮೊದಲು ‘ಬಾಕಾ-ಯೋಕೆ’ ಅನ್ನುತ್ತಿದ್ದರು. ಬಾಕಾ ಅಂದರೆ ದಡ್ಡ. ಇಂಗ್ಲಿಷಿನ ‘ಫೂಲ್‌ಪ್ರೂಫ್’ ಕೂಡ ಅದೇ ಅಲ್ವಾ? ಕೆಲಸಗಾರರಿಗೆ ಈ ಮಾತು ನೋವು ಕೊಡುತ್ತದೆ ಎಂದು 1960ರ ದಶಕದಲ್ಲಿ ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಅದನ್ನು ‘ಪೋಕಾ-ಯೋಕೆ’ ಮಾಡಿದರು. ಪೋಕಾ ಅಂದರೆ ಗಮನ ಜಾರಿ ಆಗುವ ಎಡವಟ್ಟು. ಗೋ, ಶೋಗಿ ಎಂಬ ಮಣೆಯಾಟಗಳಲ್ಲಿ ಪಳಗಿದವರೂ ಒಮ್ಮೊಮ್ಮೆ ನಡೆಸಿಬಿಡುವ ಕೆಟ್ಟ ನಡೆಗೂ ಇದೇ ಹೆಸರು. ಯೋಕೆ ಅಂದರೆ ಆಗದಂತೆ ನೋಡಿಕೊಳ್ಳುವುದು.

ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರುತ್ತದಲ್ಲ, ಅದು ಪೋಕಾ-ಯೋಕೆ. ತಿರುಗಾಮುರುಗಾ ಹಾಕಲು ಹೋದರೆ ಕೂರುವುದೇ ಇಲ್ಲ. ಆಪ್‌ನಲ್ಲಿ ದಿನಾಂಕವನ್ನು ಕ್ಯಾಲೆಂಡರಿನಿಂದಲೇ ಆರಿಸಬೇಕು ಅಂತ ಮಾಡಿದರೆ, ಫೆಬ್ರುವರಿ 30 ಅಂತ ಯಾರೂ ತುಂಬಲಾರರು. ಬೇಕಾದ್ದು ಬರೆಯಲು ಬಿಟ್ಟು ಆಮೇಲೆ ಕೆಂಪು ಅಕ್ಷರದಲ್ಲಿ ಗದರುವುದು ಇನ್ನೊಂದು ದಾರಿ.

ಇದೇ ಕೈಪಿಡಿಯಲ್ಲಿ, ದೋಷಗಳನ್ನು ಎಣಿಸಿ ಕಡಿಮೆ ಮಾಡುವ ‘ಸಿಕ್ಸ್ ಸಿಗ್ಮಾ’ ಎಂಬ ವಿಧಾನ ಕೂಡ ಇದೆ. ಅಮೆರಿಕದ ಮೋಟೊರೊಲಾ ಕಂಪನಿಯಲ್ಲಿ 1986ರಲ್ಲಿ ಶುರುವಾದದ್ದು. ಹತ್ತು ಲಕ್ಷ ಅವಕಾಶಕ್ಕೆ 3.4 ದೋಷ ಎಂಬ ಲೆಕ್ಕದ್ದು. ಅಲ್ಲಿ ‘ದೋಷ’ ಚೆನ್ನಾಗಿ ಕೂರುತ್ತದೆ. ‘ಮುದ್ರಣದೋಷ’ ಇದ್ದ ಹಾಗೆ, ವಸ್ತುವಿನಲ್ಲಿ ಕಾಣುವ, ಎಣಿಸಬಹುದಾದ ಕುಂದು ಅದು. ಪೋಕಾ ಎಂಬುದು ಆ ದೋಷಕ್ಕಿಂತ ಒಂದು ಗಳಿಗೆ ಮುಂಚಿನದು. ಎರಡಕ್ಕೂ ‘ದೋಷ’ ಅಂದುಬಿಟ್ಟರೆ ಎರಡು ನಾಡುಗಳ ಯೋಚನೆ ಒಂದೇ ಆಗಿಬಿಡುತ್ತದೆ.

‘ತಪ್ಪುತಡೆ’ ಎಂದು ಬರೆದು ಅಳಿಸಿದೆ. ಹಿಂದೆ ನಾನಿದ್ದ ಒಂದು ತಂಡದ ಬಗ್ (ಸಾಫ್ಟ್‌ವೇರ್ ಕುಂದು) ಪಟ್ಟಿಯಲ್ಲಿ ‘ತಪ್ಪು ಮಾಡಿದವರು’ ಅಂತ ಒಂದು ಕಾಲಂ ಇತ್ತು. ತಮ್ಮ ಕೋಡಿನಲ್ಲಿ ತಾವೇ ಕಂಡ ಸಣ್ಣಪುಟ್ಟದ್ದನ್ನು ಯಾರೂ ಅದರಲ್ಲಿ ಬರೆಯುತ್ತಿರಲಿಲ್ಲ. ಸುಮ್ನೆ ಸರಿಮಾಡಿ ಮುಂದೆ ಹೋಗುತ್ತಿದ್ದರು. ಅದೇ ಎಡವಟ್ಟು ಇನ್ನೊಬ್ಬರಿಂದ ಮತ್ತೆ ಆಗುತ್ತಿತ್ತು. ‘ತಪ್ಪು ಮಾಡಿದೆ’ ಅಂದಾಗ ಬೆರಳು ಒಬ್ಬರ ಕಡೆ ತಿರುಗುತ್ತದೆ. ಆದರೆ ‘ಲೆಕ್ಕ ತಪ್ಪಿತು’, ‘ಕೈತಪ್ಪಿ ಬಿತ್ತು’ ಅಂದಾಗ ಯಾರನ್ನೂ ದೂರಿದ ಹಾಗಾಗುವುದಿಲ್ಲ. ಕನ್ನಡದ ಈ ಗುಣ ನನಗೆ ತುಂಬಾ ಇಷ್ಟ.

ಹಾಗಾಗಿ ಈಗ ‘ಕಣ್ತಪ್ಪು’ ಹಿಡಿದಿದ್ದೇನೆ: ‘ಕಣ್ತಪ್ಪುತಡೆ’. ಪೋಕಾಗೆ ಇಷ್ಟು ಹತ್ತಿರದ ಮಾತು ನನಗೆ ಬೇರೆ ಸಿಕ್ಕಿಲ್ಲ. ಆದರೆ ಎರಡು ಅನುಮಾನ. ಬೆರಳು ಜಾರಿ ‘ಅಳಿಸು’ ಗುಂಡಿ ಒತ್ತಿದರೆ ಅದನ್ನೂ ಕಣ್ತಪ್ಪು ಅನ್ನಬಹುದೇ? ಇನ್ನೊಂದು, ‘ಕಣ್ತಪ್ಪಿಸಿ ಹೋದ’ ಅನ್ನುವಾಗ ಅದು ಬೇಕಂತಲೇ ಮಾಡಿದ್ದು. ಆ ನೆರಳು ಇಲ್ಲಿಗೂ ಬೀಳುತ್ತದೆಯೇ?

ಬಡಗಿ ಕೆಲಸ, ಹೊಲಿಗೆ, ಅಚ್ಚುಕೂಟ ಬಲ್ಲವರು ಇಲ್ಲಿದ್ದೀರಿ. ತಿರುವುಮುರುವು ಜೋಡಿಸಲು ಬಾರದಂತೆ ಮಾಡುವ ಗುರುತು, ಕಚ್ಚು, ಇಂಥವಕ್ಕೆ ನಿಮ್ಮ ಕಸುಬಿನಲ್ಲಿ ಹೆಸರಿದ್ದರೆ ದಯವಿಟ್ಟು ತಿಳಿಸಿ. ಬಳಕೆಯ ಒಂದೆರಡು ವಾಕ್ಯಗಳೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.