ಹೆಪಟೋಸ್ಪ್ಲೀನೋಮೆಗಲಿ ಓದೋದು ಹೇಗೆ ಮೇಡಂ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ವಿದ್ಯಾರ್ಥಿನಿ, ನರ್ಸಿಂಗ್ ಮೊದಲ ವರ್ಷ

ನಮಸ್ತೆ ಮೇಡಂ. ಎಸ್ಸೆಸ್ಸೆಲ್ಸಿವರೆಗೂ ನಾನು ಕನ್ನಡ ಮೀಡಿಯಂ. ಪಿಯುಸಿ ಹೇಗೋ ದಾಟಿಕೊಂಡೆ. ಈಗ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದೀನಿ. ದಿನಕ್ಕೆ ಇಪ್ಪತ್ತು ಪದ ಬರೆದು ಬಾಯಿಪಾಠ ಮಾಡ್ತೀನಿ, ಮುಂದಿನ ವಾರಕ್ಕೆ ಅರ್ಧ ಮರೆತಿರುತ್ತೆ. ಮೊನ್ನೆ ಕ್ಲಾಸಿನಲ್ಲಿ ಹೆಪಟೋಸ್ಪ್ಲೀನೋಮೆಗಲಿ ಅನ್ನೋ ಪದ ಓದೋಕೆ ಎಬ್ಬಿಸಿದರು, ನಡುವೆಯೇ ನಿಂತುಬಿಟ್ಟೆ. ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಕಲಿತರೆ ಸುಲಭ ಅಂತಾರೆ. ಇಂಗ್ಲಿಷೇ ಕೈಗೆ ಬರದಿರುವಾಗ ಇನ್ನೆರಡು ಭಾಷೆ ಎಲ್ಲಿಂದ ಕಲಿಯಲಿ?

ಉತ್ತರ: ನರ್ಸಿಂಗ್ ಅಧ್ಯಾಪಕಿ, ಶಿವಮೊಗ್ಗ

ನೋಡಮ್ಮ, ನಾನೂ ಹೊಸನಗರದ ಕಡೆಯ ಕನ್ನಡ ಶಾಲೆಯಲ್ಲೇ ಓದಿದವಳು. ನೀನು ಎರಡು ಭಾಷೆ ಕಲಿಯಬೇಕಾಗಿಲ್ಲ. ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪು ಮಾಡಿಕೋ: ಸಂಧಿ, ಸಮಾಸ, ಉಪಸರ್ಗ, ಪ್ರತ್ಯಯ. ಈ ಪದಗಳನ್ನು ಬಿಡಿಸೋಕೆ ಬೇಕಾದ ಹತ್ಯಾರು ಅದೇ, ಮತ್ತು ಅದು ಆಗಲೇ ನಿನ್ನ ಕೈಯಲ್ಲಿದೆ.

ನೀನು ನಿಂತ ಪದವನ್ನೇ ತಗೋ. ಹೆಪಟ್, ಸ್ಪ್ಲೀನ್, ಮೆಗಲಿ. ನಡುವೆ ಎರಡು ಕಡೆ ಬರೀ ‘ಓ’. ಗ್ರೀಕಿನ ಹೆಪಾರ್ ಅಂದರೆ ಲಿವರ್, ಸ್ಪ್ಲೀನ್ ಅಂದರೆ ಗುಲ್ಮ, ಮೆಗಲಿ ಅಂದರೆ ದೊಡ್ಡದಾಗಿರೋದು. ಲಿವರೂ ಗುಲ್ಮವೂ ಊದಿಕೊಂಡಿವೆ, ಅಷ್ಟೇ. ಓದುವಾಗ ಬಾಲದಿಂದ ಶುರು ಮಾಡು. ತತ್ಪುರುಷ ಸಮಾಸದಲ್ಲಿ ಉತ್ತರಪದ ಪ್ರಧಾನ ಅಂತ ಹೇಳಿಕೊಟ್ಟಿದ್ದರಲ್ಲ, ಇಲ್ಲೂ ಹಾಗೇ. ಮಳೆಗಾಲ ಅಂದರೆ ಒಂದು ಕಾಲ, ಮೆಗಲಿ ಅಂದರೆ ಒಂದು ಊತ. ಯಾವುದರದ್ದು ಅನ್ನೋದನ್ನು ಮುಂದಿನ ತುಂಡು ಹೇಳುತ್ತೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಭಾಷಣದಲ್ಲಿ ಹೇಳಿದ. ನಮ್ಮ ಕನ್ನಡ ದ್ರಾವಿಡ ಭಾಷೆ, ಆ ಮನೆತನದ್ದಲ್ಲ. ಆದರೆ ಸಂಸ್ಕೃತದ ಸಾವಿರಾರು ಪದ ನಮ್ಮ ಬಾಯಲ್ಲಿ ದಿನಾ ಓಡಾಡುತ್ತವಲ್ಲ, ಅವುಗಳ ಮೂಲಕ ಗ್ರೀಕ್ ನಿನಗೆ ದೂರದ ನೆಂಟ. ಸ್ಪ್ಲೀನ್ ಮತ್ತು ಗುಲ್ಮಕ್ಕೆ ಸಂಸ್ಕೃತದಲ್ಲಿರೋ ಹೆಸರು ಪ್ಲೀಹ ಒಂದೇ ಬೇರಿನವು. ಮೆಗಾ ಮತ್ತು ಮಹಾ ಒಂದೇ ಬೇರಿನವು. ಹೆಪಾರ್ ಮತ್ತು ಯಕೃತ್ ಮೇಲ್ನೋಟಕ್ಕೆ ಒಂದಕ್ಕೊಂದು ಹೋಲೋದಿಲ್ಲ, ಆದರೂ ಅವೂ ಅಣ್ಣತಮ್ಮಂದಿರೇ ಅಂತ ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಕ್ಲಾಸಿನಲ್ಲಿ ನಿನ್ನನ್ನು ತಡೆದು ನಿಲ್ಲಿಸಿದ ಪದದ ಮೂರು ತುಂಡಿಗೆ ಮೂರೂ ನೆಂಟರು!

ಉಪಸರ್ಗಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಅನಂತ, ಅನಾರೋಗ್ಯ ಅನ್ನುವಾಗ ಸ್ವರದ ಮುಂದೆ ‘ಅನ್’ ಬರುತ್ತೆ, ಅಶಕ್ತಿ ಅನ್ನುವಾಗ ವ್ಯಂಜನದ ಮುಂದೆ ಬರೀ ‘ಅ’. ಗ್ರೀಕಿನಲ್ಲೂ ಇದೇ ನಿಯಮ. ಅನೀಮಿಯಾ ಅಂದರೆ ‘ಅನ್’ ಜೊತೆಗೆ ರಕ್ತ ಅನ್ನೋ ಅರ್ಥದ ‘ಹೈಮ’. ನಮ್ಮ ದುರ್ಬಲ, ದುರ್ನಾತದ ‘ದುರ್’ ಅವರಲ್ಲಿ ‘ಡಿಸ್’. ಡಿಸ್ಪ್ನಿಯಾ ಅಂದರೆ ಉಸಿರಾಟ ಕಷ್ಟ, ಡಿಸ್ಯೂರಿಯಾ ಅಂದರೆ ಉರಿಮೂತ್ರ. ಪರಿಧಿಯ ‘ಪರಿ’ ಅಲ್ಲಿ ‘ಪೆರಿ’: ಪೆರಿಕಾರ್ಡಿಯಂ ಹೃದಯವನ್ನು ಸುತ್ತಿಕೊಂಡ ಪೊರೆ. ‘ಉಪರಿ’ಯ ನೆಂಟ ಹೈಪರ್, ‘ಉಪ’ದ ನೆಂಟ ಹೈಪೊ. ಅಧ್ಯಕ್ಷರ ಕೆಳಗಿರೋರು ಉಪಾಧ್ಯಕ್ಷರು, ಹಾಗೇ ಮಟ್ಟಕ್ಕಿಂತ ಕೆಳಗಿರೋದು ಹೈಪೊ.

ಈ ಹೈಪರ್–ಹೈಪೊ ಮಾತ್ರ ಕಣ್ಣಿನಲ್ಲಿ ಬೇರೆ, ಕಿವಿಯಲ್ಲಿ ಒಂದೇ. ನಾನು ಟ್ರೈನಿಂಗಿನಲ್ಲಿದ್ದಾಗ ಒಂದು ರಾತ್ರಿ, ಹೊರಗೆ ಜುಲೈ ಮಳೆ, ಫೋನಿನಲ್ಲಿ ಲ್ಯಾಬಿನವರು ಹೇಳಿದ್ದು ಹೈಪೊಗ್ಲೈಸೀಮಿಯಾ, ನಾನು ಪುಸ್ತಕದಲ್ಲಿ ಬರೆದದ್ದು ಹೈಪರ್‌ಗ್ಲೈಸೀಮಿಯಾ. ಪುಣ್ಯಕ್ಕೆ ಪಕ್ಕದಲ್ಲಿ 48 ಅಂತ ಸಂಖ್ಯೆಯನ್ನೂ ಗೀಚಿದ್ದೆ. ಸೀನಿಯರ್ ಸಿಸ್ಟರ್ ಆ ಸಂಖ್ಯೆ ನೋಡಿದವರೇ ಗ್ಲೂಕೋಸ್ ತರೋಕೆ ಓಡಿದರು. ಸಕ್ಕರೆ ಕಡಿಮೆಯಾದ ರೋಗಿಗೆ ಹೆಚ್ಚಾಗಿದೆ ಅಂತ ಇನ್ಸುಲಿನ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ. ಪದದ ಪಕ್ಕ ಯಾವಾಗಲೂ ಸಂಖ್ಯೆ ಬರಿ. ಫೋನಿನಲ್ಲಿ ಕೇಳಿದ್ದನ್ನು ‘ಕಡಿಮೆ ಅಂತಾನಾ?’ ಅಂತ ಕನ್ನಡದಲ್ಲಿ ವಾಪಸ್ ಕೇಳು. ನಾಚಿಕೆ ಬೇಡ.

ಇನ್ನು ಆ ‘ಓ’. ಗ್ಯಾಸ್ಟ್ರೋಸ್ಕೋಪಿಯಲ್ಲಿ ಎರಡು ತುಂಡುಗಳ ನಡುವೆ ‘ಓ’ ಬಂತು. ಮಳೆ ಮತ್ತು ಇಂದ ಸೇರಿ ‘ಮಳೆಯಿಂದ’ ಆದಾಗ ‘ಯ’ ಬಂದ ಹಾಗೆ, ಆಗಮ. ಗ್ಯಾಸ್ಟ್ರೈಟಿಸ್‌ನಲ್ಲಿ ಉರಿಯೂತ ಅನ್ನೋ ಅರ್ಥದ ‘ಐಟಿಸ್’ ಪ್ರತ್ಯಯ ಸ್ವರದಿಂದ ಶುರುವಾಗುತ್ತೆ, ಹಾಗಾಗಿ ‘ಓ’ ಬಿದ್ದುಹೋಯಿತು; ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದ ಹಾಗೆ, ಲೋಪ. ಎರಡು ಅಂಗಗಳ ಹೆಸರು ಕೂಡಿದಾಗ ಮಾತ್ರ ಮುಂದೆ ಸ್ವರ ಇದ್ದರೂ ‘ಓ’ ಉಳಿಯುತ್ತೆ: ಗ್ಯಾಸ್ಟ್ರೋಎಂಟರೈಟಿಸ್. ಅಂದಹಾಗೆ ಗ್ಯಾಸ್ಟರ್ ಅಂದರೆ ಹೊಟ್ಟೆ, ಎಂಟರಾನ್ ಅಂದರೆ ಕರುಳು. ನಮ್ಮೂರಲ್ಲಿ ‘ಗ್ಯಾಸ್ಟ್ರಿಕ್ ಆಗಿದೆ’ ಅಂದರೆ ಗ್ಯಾಸ್ ತುಂಬಿದೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ, ಈ ಎರಡು ಪದಗಳಿಗೆ ಸಂಬಂಧವೇ ಇಲ್ಲ.

ಅದೇ ವಿದ್ಯಾರ್ಥಿನಿ

ಮೇಡಂ, ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಅನುಮಾನ. ಕಿಡ್ನಿಗೆ ಒಂದು ಕಡೆ ನೆಫ್ರೊ, ಇನ್ನೊಂದು ಕಡೆ ರೀನಲ್ ಅಂತಾರಲ್ಲ, ಯಾಕೆ? ಮತ್ತೆ ನ್ಯೂರೊ ಅನ್ನೋದು ನಮ್ಮ ‘ನರ’ದ ನೆಂಟನಾ?

ಉತ್ತರ

ನೆಫ್ರೊ ಗ್ರೀಕ್, ರೀನಲ್ ಲ್ಯಾಟಿನ್. ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸ್ ಕಾಲದಿಂದ ರೋಗಗಳ ಹೆಸರು ಗ್ರೀಕಿನಲ್ಲಿ ಬೆಳೆದವು. ದೇಹದ ಭಾಗಗಳ ಹೆಸರನ್ನು ಯೂರೋಪಿನವರು ಲ್ಯಾಟಿನ್‌ನಲ್ಲಿ ಬರೆದರು. ವೆಸಾಲಿಯಸ್‌ನ ಅಂಗರಚನೆಯ ಗ್ರಂಥ 1543ರಲ್ಲಿ ಬಂದದ್ದು ಲ್ಯಾಟಿನ್‌ನಲ್ಲೇ. ಅದಕ್ಕೇ ರಕ್ತನಾಳ ರೀನಲ್ ಆರ್ಟರಿ, ಕಾಯಿಲೆ ನೆಫ್ರೈಟಿಸ್. ಎರಡನ್ನೂ ಬೆರೆಸಿದ್ದೂ ಉಂಟು. 1886ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಜ್ ಲ್ಯಾಟಿನ್‌ನ ಅಪೆಂಡಿಕ್ಸಿಗೆ ಗ್ರೀಕಿನ ಐಟಿಸ್ ಅಂಟಿಸಿ ಅಪೆಂಡಿಸೈಟಿಸ್ ಅಂದ. ನಮ್ಮ ಅರಿಸಮಾಸ ಇದ್ದ ಹಾಗೆ. ಕನ್ನಡದ ಮಳೆಗೂ ಸಂಸ್ಕೃತದ ಕಾಲಕ್ಕೂ ಗಂಟು ಬಿದ್ದಿಲ್ಲವೇ?

ನರದ ವಿಷಯ ಒಳ್ಳೆಯ ಪ್ರಶ್ನೆ. ಇಲ್ಲಿ ಮೋಸ ಹೋಗಬೇಡ. ನರ ದ್ರಾವಿಡ ಪದ, ತಮಿಳಿನಲ್ಲಿ ನರಂಬು ಅಂತ ಇದೆ. ಗ್ರೀಕಿನ ನ್ಯೂರಾನ್ ಜೊತೆ ಹೋಲಿಕೆ ಬರೀ ಕಾಕತಾಳೀಯ. ನೆನಪಿಗೆ ಬೇಕಾದರೆ ಇಟ್ಟುಕೋ, ಉತ್ತರಪತ್ರಿಕೆಯಲ್ಲಿ ಬರೀಬೇಡ.

ಪ್ರಶ್ನೆ: ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ

ಸಿಸ್ಟರ್, ನಾನು ವಿದ್ಯಾರ್ಥಿ ಅಲ್ಲ. ಕೊನೆ ತೆಗೆಯುವಾಗ ನನ್ನ ತಮ್ಮ ಮರದಿಂದ ಜಾರಿ ಬಿದ್ದ. ಮೂಳೆ ಮುರಿದಿಲ್ಲ, ತೊಡೆ ಊದಿದೆ. ಸ್ಕ್ಯಾನ್ ವರದಿಯಲ್ಲಿ ಹಿಮಟೋಮಾ ಅಂತ ಇದೆ. ‘ಓಮಾ’ ಅಂತ ಕೊನೆಯಾದರೆ ಕ್ಯಾನ್ಸರ್ ಅಂತ ಯಾರೋ ಹೇಳಿದರು. ಎರಡು ದಿನದಿಂದ ಮನೆಯಲ್ಲಿ ಯಾರಿಗೂ ಊಟ ಸೇರ್ತಿಲ್ಲ.

ಉತ್ತರ

ಅಣ್ಣ, ಮೊದಲು ಊಟ ಮಾಡಿ. ಹಿಮಟೋಮಾ ಕ್ಯಾನ್ಸರ್ ಅಲ್ಲ. ‘ಹಿಮಟ್’ ಅಂದರೆ ರಕ್ತ. ಪೆಟ್ಟಿಗೆ ಒಳಗೆ ರಕ್ತನಾಳ ಒಡೆದು, ರಕ್ತ ಹೊರಗೆ ಬಾರದೆ ಅಲ್ಲೇ ಕಟ್ಟಿಕೊಂಡಿದೆ. ‘ಓಮಾ’ ಅನ್ನೋದು ಊತ, ಗಂಟು ಅಂತ ಮಾತ್ರ ಹೇಳುತ್ತೆ, ಅದರ ಗುಣ ಹೇಳೋದಿಲ್ಲ. ಲಿಪೋಮಾ ಕೊಬ್ಬಿನ ಗಂಟು, ಸಾಮಾನ್ಯವಾಗಿ ತೊಂದರೆ ಕೊಡೋದಿಲ್ಲ. ಲಿಂಫೋಮಾ, ಮೆಲನೋಮಾ ಕ್ಯಾನ್ಸರ್ ಹೌದು. ಕಣ್ಣಿನ ಗ್ಲಾಕೋಮಾದಲ್ಲಿ ಗಂಟೇ ಇರೋದಿಲ್ಲ. ಊತ ಹೆಚ್ಚುತ್ತಿದ್ದರೆ, ಪಾದ ಜೋಮು ಹಿಡಿದರೆ, ನೋವು ತಡೆಯೋಕಾಗದಿದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನೀವಾಗಿಯೇ ಎಣ್ಣೆ ಹಚ್ಚಿ ತಿಕ್ಕಬೇಡಿ.

ವಿದ್ಯಾರ್ಥಿಗಳೂ ಇದನ್ನು ಓದಿ. ತುಂಡುಗಳು ಗೊತ್ತಾದ ತಕ್ಷಣ ರೋಗ ಗೊತ್ತಾಯಿತು ಅಂತ ಅಲ್ಲ. ರೋಗಿಯ ಮನೆಯವರ ಹತ್ತಿರ ಗ್ರೀಕೂ ಬೇಡ, ಯಕೃತ್ತೂ ಬೇಡ. ‘ಲಿವರ್ ಸ್ವಲ್ಪ ಊದಿದೆ’ ಅನ್ನಿ. ಅವರು ‘ದಮ್ಮು ಕಟ್ಟುತ್ತೆ’ ಅಂದರೆ ನೀವು ಚಾರ್ಟಿನಲ್ಲಿ ಡಿಸ್ಪ್ನಿಯಾ ಅಂತ ಬರೀರಿ. ಎರಡೂ ಕಡೆ ಓಡಾಡಬೇಕಾದವರು ನಾವೇ.

ಅದೇ ವಿದ್ಯಾರ್ಥಿನಿ

ಮೇಡಂ, ನಾನೇ ಒಂದು ಬಿಡಿಸಿದೆ, ಸರಿ ಇದೆಯಾ ನೋಡಿ. ಮಂಗನ ಕಾಯಿಲೆ ಪಾಠದಲ್ಲಿ ಥ್ರಾಂಬೋಸೈಟೋಪೀನಿಯಾ ಅಂತ ಬಂತು. ಬಾಲ ಪೀನಿಯಾ, ಅಂದರೆ ಕೊರತೆ. ಸೈಟ್ ಅಂದರೆ ಜೀವಕೋಶ. ಥ್ರಾಂಬೊ ಅಂದರೆ ಹೆಪ್ಪು. ರಕ್ತ ಹೆಪ್ಪುಗಟ್ಟಿಸೋ ಕಣಗಳು ಕಡಿಮೆ, ಪ್ಲೇಟ್‌ಲೆಟ್ ಕಡಿಮೆ?

ಉತ್ತರ

ಪೂರ್ತಿ ಸರಿ! ಗ್ರೀಕಿನಲ್ಲಿ ಪೀನಿಯಾ ಅಂದರೆ ಬಡತನ. ಪ್ಲೇಟ್‌ಲೆಟ್‌ಗೆ ಬಡತನ ಬಂದಿದೆ ಅಂದುಕೋ, ಮರೆಯೋದಿಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು ಈ ಮಂಗನ ಕಾಯಿಲೆ. ಅದನ್ನು ಹರಡುವ ಉಣುಗಿನ ಹೆಸರು ಹಿಮಾಫೈಸಾಲಿಸ್ ಸ್ಪಿನಿಜೆರಾ. ಮೊದಲಲ್ಲೇ ‘ಹಿಮಾ’ ಕೂತಿದೆ ನೋಡು, ಈಗಷ್ಟೇ ಕಲಿತ ರಕ್ತ. ಅದೇ ಪಾಠದಲ್ಲಿ ಮುಂದೆ ಲ್ಯೂಕೋಪೀನಿಯಾ ಬರುತ್ತೆ. ಬಾಲ ಗೊತ್ತಿದೆ, ‘ಲ್ಯೂಕೋ’ ಅಂದರೆ ಬಿಳಿ. ಬಿಡಿಸಿ ನಾಳೆ ಇಲ್ಲೇ ಹಾಕು.